ಅಕ್ಕನ ಖಾಲಿ ಪರದೆ

ನಮ್ಮ ಅಕ್ಕ ಹದಿನೆಂಟು ವರ್ಷದಿಂದ ಕಂಪ್ಯೂಟರಿನ ಮುಂದೆ ಕೂತು ಏನೂ ಮಾಡುತ್ತಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಕೊಟ್ಟೂರಿನ ಅರ್ಧ ಜನ ನಂಬಿದ್ದಾರೆ. ಯಾಕೆಂದರೆ ಅವಳ ಡಿಟಿಪಿ ಅಂಗಡಿಗೆ ಯಾರು ಯಾವ ಹೊತ್ತಿನಲ್ಲಿ ಹೊಕ್ಕರೂ ಪರದೆಯ ಮೇಲೆ ಕಾಣುವುದು ಒಂದೇ ಒಂದು ಚೆಂಡು ಹೂವು. ಕೆಲಸವಿಲ್ಲ, ಅಕ್ಷರವಿಲ್ಲ, ಗೆರೆಯಿಲ್ಲ. ಒಬ್ಬ ಹೆಂಗಸು ಬೆಳಗಿನಿಂದ ಸಂಜೆತನಕ ಚೆಂಡು ಹೂವನ್ನೇ ದಿಟ್ಟಿಸುತ್ತ ಕೂತಿರುತ್ತಾಳೆ. ಆದರೂ ಕೂಡ್ಲಿಗಿಯಿಂದ ಹಡಗಲಿಯತನಕ ಎಷ್ಟೋ ಮನೆಗಳ ಲಗ್ನಪತ್ರಿಕೆ ಹೊರಡುವುದು ಅವಳ ಅಂಗಡಿಯಿಂದ. ಇದು ಹೇಗೆ ಸಾಧ್ಯ?

ಸಾಧ್ಯವಾಗುವ ಬಗೆ ನನಗೆ ಗೊತ್ತು. ಗೊತ್ತಿದ್ದೂ ನಗುತ್ತಿದ್ದೆ. ಹೋದ ತಿಂಗಳು ನನ್ನ ಮಗಳ ಲಗ್ನಪತ್ರಿಕೆ ಅದೇ ಹೂವಿನ ಹಿಂದೆ ಎಲ್ಲೋ ಮಾಯವಾದ ಮೇಲೆ ನಗು ನಿಂತಿತು.

ಆದದ್ದು ಇಷ್ಟು. ಕಾರ್ಡಿನಲ್ಲಿ ಹಾಕಬೇಕಾದ ಹೆಸರುಗಳನ್ನೆಲ್ಲ ನಾನೇ ಒಂದು ಹಳೆಯ ಪ್ರಶ್ನೆಪತ್ರಿಕೆಯ ಬೆನ್ನಿನ ಮೇಲೆ ಬರೆದು ಅಕ್ಕನಿಗೆ ಕೊಟ್ಟೆ. ನಾನು ಮೇಷ್ಟ್ರು, ಕಾಗದ ಎಂದರೆ ನನಗೆ ಅದೇ. ಮರುದಿನ ಹಲ್ಲುಜ್ಜುವಾಗ ಒಂದು ಅನುಮಾನ ಬಂತು. ಹರಪನಹಳ್ಳಿಯ ಭಾವನ ಹೆಸರು ಬರೆದೆನೋ ಇಲ್ಲವೋ? ಭಾವ ಎಂದರೆ ನನ್ನ ಹೆಂಡತಿಯ ಅಣ್ಣ, ಮಗಳ ಸೋದರಮಾವ. ಒಂದು ಮನೆಯಲ್ಲಿ ಮಜ್ಜಿಗೆಯನ್ನು ಮೊದಲು ಬೇರೆಯವರಿಗೆ ಕೊಟ್ಟು ಆಮೇಲೆ ತನಗೆ ಕೊಟ್ಟರೆಂದು ಮೂರು ವರ್ಷ ಆ ಓಣಿಗೇ ಕಾಲಿಡದ ಮನುಷ್ಯ. ಅವನ ಹೆಸರಿಲ್ಲದ ಪತ್ರಿಕೆ ಅಚ್ಚಾದರೆ ಅವನು ಲಗ್ನಕ್ಕೆ ಬರುವುದಿಲ್ಲ. ಅವನು ಬರದಿದ್ದರೆ ನನ್ನ ಹೆಂಡತಿ ಜೀವಮಾನವಿಡೀ ನನ್ನ ಜೊತೆ ಬರೀ "ಹ್ಞೂಂ", "ಉಹ್ಞೂಂ" ಎರಡರಲ್ಲೇ ಸಂಸಾರ ಮಾಡುತ್ತಾಳೆ. ಬಾಯೊಳಗಿನ ಪೇಸ್ಟ್ ಹಾಗೇ ಇಟ್ಟುಕೊಂಡು ಅಂಗಡಿಗೆ ಓಡಿದೆ ಎಂದರೆ ಸ್ವಲ್ಪ ಹೆಚ್ಚಾಗಬಹುದು. ತುಟಿಯ ಅಂಚಿನಲ್ಲಿ ಇತ್ತು.

"ಅಕ್ಕಾ, ಕಾರ್ಡು ಒಂದು ಸಲ ತೋರ್ಸು."

"ಇನ್ನೂ ಜಗಲಿಗೆ ಹೋಗಿಲ್ಲ."

"ನಾನು ಹುಡುಗಿ ಅಪ್ಪ ಅದೀನಿ."

"ಅದು ಗೊತ್ತೈತಿ. ಎಂಥಾ ಅಪ್ಪ ಅನ್ನೋದೂ ಗೊತ್ತೈತಿ. ನೋಡಿದ ಕೂಡ್ಲೇ ಫೋಟೊ ಹೊಡಿತಿ, ಹೊಡದ ಕೂಡ್ಲೇ ಸ್ಟೇಟಸ್ಸಿಗೆ ಹಾಕ್ತಿ. ನಿಮ್ಮ ಭಾವ ಅದನ್ನ ಎಲ್ಲರಕಿಂತ ಮೊದ್ಲು ನೋಡ್ತಾನ. ಆಮ್ಯಾಲೆ ತಾಂಬೂಲ ಹಿಡಕೊಂಡು ಹೋಗಿ ಯಾರಿಗೆ ಕೊಡ್ತಿ?"

ನಮ್ಮ ಕಡೆ ಪದ್ಧತಿ ಹೀಗಿದೆ. ಮೊದಲ ಪತ್ರಿಕೆ ಮನೆದೇವರ ಜಗಲಿಯ ಮೇಲೆ, ಅಂದರೆ ದೇವರ ಕೋಣೆಯ ಕಟ್ಟೆಯ ಮೇಲೆ. ಎರಡನೆಯದು ಎಲೆ ಅಡಿಕೆಯ ಜೊತೆ ಸೋದರಮಾವನ ಕೈಗೆ, ಅದೂ ಮನೆಗೆ ಹೋಗಿ. ಊರಿಗೆ ಆಮೇಲೆ. ಈ ಸರದಿ ತಪ್ಪಿದರೆ ತಪ್ಪಿದ್ದೇ.

"ಮತ್ತ ಪ್ರೂಫು?" ಎಂದೆ.

"ಗುರುವಾರ ಕೊಡ್ತೀನಿ. ಲಕೋಟಿ ಒಳಗ ಹಾಕಿ, ನಿನ್ನ ಹೆಂಡ್ತಿ ಕೈಯಾಗ. ಬಾಯಿ ತೊಳಕೋ ಹೋಗು, ಪೇಸ್ಟ್ ಹತ್ತೈತಿ."

ಹೆಂಡತಿಯ ಕೈಯಲ್ಲಿ! ಅವಳ ಅಣ್ಣನ ಹೆಸರಿಲ್ಲದ ಪ್ರೂಫನ್ನು ಅವಳೇ ಮೊದಲು ನೋಡುವುದು! ಅವತ್ತು ಸೋಮವಾರ. ಗುರುವಾರದೊಳಗೆ ಆ ಕಾರ್ಡನ್ನು ನೋಡಿಯೇ ತೀರುತ್ತೇನೆ ಎಂದು ಅಲ್ಲೇ, ತುಟಿ ಒರೆಸಿಕೊಳ್ಳುತ್ತ, ನಿಶ್ಚಯ ಮಾಡಿದೆ.

ನನ್ನ ನಿಶ್ಚಯ ಎಂಥ ಕೋಟೆಗೆ ಎದುರಾಗಿತ್ತು ಎಂದು ತಿಳಿಯಬೇಕಾದರೆ ಅಕ್ಕನ ಸಾಮಗ್ರಿಗಳ ಪರಿಚಯವಾಗಬೇಕು. ಇವಳು ನಮ್ಮ ದೊಡ್ಡಪ್ಪನ ಮಗಳು. ನನಗಿಂತ ಆರು ವರ್ಷ ದೊಡ್ಡವಳು. ನಾನು ನಡೆಯಲು ಕಲಿತದ್ದು ಇವಳ ಲಂಗದ ಅಂಚು ಹಿಡಿದುಕೊಂಡು. ಅವಳ ಗಂಡ ತೀರಿಕೊಂಡ ಮರುವರ್ಷ ಈ ಅಂಗಡಿ ಹಾಕಿದಳು. ಕಂಪ್ಯೂಟರಿನಲ್ಲಿ ಒಂದೊಂದು ಕೆಲಸವೂ ಒಂದೊಂದು ಚೌಕದೊಳಗೆ ತೆರೆದುಕೊಳ್ಳುತ್ತದಲ್ಲ, ವಿಂಡೋ ಅನ್ನುತ್ತಾರಲ್ಲ, ಅದನ್ನು ನಾವು ನೀವು ಬೇಡವಾದಾಗ ಕೆಳಗಿಳಿಸುತ್ತೇವೆ. ಅಕ್ಕನಿಗೆ ಅಷ್ಟು ಸಾಲದು. ಕೆಳಗಿಳಿಸಿದರೂ ಕೆಳಗಿನ ಪಟ್ಟಿಯಲ್ಲಿ ಹೆಸರು ಕಾಣುತ್ತದೆಯಂತೆ. ಅದಕ್ಕೆ ಬೇರೆ ಬೇರೆ ಸಣ್ಣ ಸಾಫ್ಟ್‌ವೇರುಗಳನ್ನು, ಬೇರೆ ಹೆಂಗಸರು ಸ್ಟೀಲು ಡಬ್ಬಿ ಕೂಡಿಸಿಟ್ಟ ಹಾಗೆ, ಒಂದೊಂದಾಗಿ ಕೂಡಿಸಿಟ್ಟಿದ್ದಾಳೆ. ಅವುಗಳ ಇಂಗ್ಲಿಷ್ ಹೆಸರು ಅವಳಿಗೆ ಬೇಕಿಲ್ಲ. ತಾನೇ ನಾಮಕರಣ ಮಾಡಿದ್ದಾಳೆ.

ಒಂದು ಒತ್ತಿದರೆ ಇಡೀ ವಿಂಡೋ ಸುರುಳಿ ಸುತ್ತಿಕೊಂಡು ತಲೆಯ ಮೇಲಿನ ಪಟ್ಟಿಯಷ್ಟೇ ಉಳಿಯುತ್ತದೆ. ಅದು ಚಾಪೆ. ಇನ್ನೊಂದು, ವಿಂಡೋವನ್ನು ಗಡಿಯಾರದ ಪಕ್ಕದ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಮಾಡಿ ಕೂರಿಸುತ್ತದೆ. ಅದು ಅಡಕಲು. ಹಳೆಯ ಮನೆಗಳಲ್ಲಿ ಗಡಿಗೆಯ ಮೇಲೆ ಗಡಿಗೆ ಪೇರಿಸಿ, ನಡುವಿನ ಗಡಿಗೆಯಲ್ಲಿ ಬೆಲ್ಲ ಬಚ್ಚಿಡುತ್ತಿದ್ದರಲ್ಲ, ಆ ಅಡಕಲು. ಮೂರನೆಯದು ವಿಂಡೋವನ್ನು ತೆಳ್ಳಗೆ, ಇನ್ನೂ ತೆಳ್ಳಗೆ ಮಾಡಿ ಹಿಂದಿನದೆಲ್ಲ ಕಾಣುವ ಹಾಗೆ ಮಾಡುತ್ತದೆ. ಅದು ಸೆರಗು. ಎಷ್ಟು ಕೆಲಸ ತೆರೆದಿದ್ದರೂ ಒಂದನ್ನು ಎಲ್ಲದರ ಮೇಲೆ ಅಲುಗಾಡದಂತೆ ನಿಲ್ಲಿಸುವುದು ಮೊಳೆ. ಇವೆಲ್ಲ ಸೋತ ಹೊತ್ತಿಗೆ ಕೀಬೋರ್ಡಿನ ಮೇಲಿನ ಸಾಲಿನಲ್ಲಿ ಒಂದು ಕೀ ಇದೆ. ಒತ್ತಿದರೆ ಸಕಲವೂ ಮಾಯ, ಚೆಂಡು ಹೂವು ಪ್ರತ್ಯಕ್ಷ. ಕಣ್ಣು ಎಲ್ಲಿದ್ದರೂ ಬೆರಳಿಗೆ ಗುರುತು ಸಿಗಲೆಂದು ಆ ಕೀ ಮೇಲೆ ಒಂದು ಕೆಂಪು ಟಿಕಳಿ ಅಂಟಿಸಿದ್ದಾಳೆ. ತಾನು ಹಣೆಗೆ ಇಟ್ಟುಕೊಳ್ಳುವುದನ್ನು ಬಿಟ್ಟ ಮೇಲೆ ಚೀಟಿಯಲ್ಲಿ ಉಳಿದಿದ್ದ ಟಿಕಳಿಗಳು ಅವು. ಒಂದು ಉದುರಿದರೆ ಇನ್ನೊಂದು.

ಇಷ್ಟೂ ಸಾಲದೆಂದು ಒಂದೇ ಪರದೆಯ ಹಿಂದೆ ಮೂರು ಪರದೆ ಮಾಡುವ ಸಾಫ್ಟ್‌ವೇರೂ ಬಂತು. ಅವುಗಳ ಹೆಸರು ಪಡಸಾಲಿ, ಅಡಿಗಿಮನಿ, ಜಗಲಿ. ಪಡಸಾಲೆಗೆ ಯಾರು ಬೇಕಾದರೂ ಬರಬಹುದು. ಅಂಗಡಿ ಬೋರ್ಡು, ಕುರಿ ಮಾರಾಟದ ಪಾಂಪ್ಲೆಟ್ಟು ಅಲ್ಲಿ. ಅರ್ಧಂಬರ್ಧ ಕೆಲಸ ಅಡುಗೆಮನೆಯಲ್ಲಿ. ದೇವರ ಮುಂದೆ ಇನ್ನೂ ಇಡದ ಲಗ್ನಪತ್ರಿಕೆಗಳು ಜಗಲಿಯಲ್ಲಿ. ಅಲ್ಲಿಗೆ ಅವಳು ಚಪ್ಪಲಿ ಬಿಟ್ಟು ಹೋಗುತ್ತಾಳೆ ಎಂದು ನಾನು ಹೇಳಿದರೆ ನಗುತ್ತೀರಿ. ಮೇಜಿನ ಕೆಳಗೆ ಬಗ್ಗಿ ನೋಡಿದ್ದೇನೆ. ಬಿಟ್ಟಿರುತ್ತಾಳೆ.

ಹೊಸಪೇಟೆಯಿಂದ ರಿಪೇರಿಗೆ ಬಂದವನು ಇದನ್ನೆಲ್ಲ ನೋಡಿ ತಲೆ ಮೇಲೆ ಕೈ ಹೊತ್ತುಕೊಂಡಿದ್ದ. "ಅಕ್ಕಾರ, ಒಂದ್ ಮೆಷಿನ್ನಿಗೆ ಇಷ್ಟೆಲ್ಲಾ ಹೇರಿದ್ರ ಅದು ನಿಧಾನ ಆಗತೈತ್ರಿ."

"ಆಗ್ಲಿ ಬಿಡಪ್ಪ. ಊರು ಜೋರಾಗಿ ಓಡತೈತಲ್ಲ, ಇದಾದ್ರೂ ನಿಧಾನ ಇರ್ಲಿ."

ನಮ್ಮ ಜನ ಕೆಟ್ಟವರಲ್ಲ. ಎದುರಿಗೆ ತೆರೆದಿದ್ದನ್ನು ಓದುತ್ತಾರೆ, ಓದಿದ್ದನ್ನು ಬಸ್ಸಿನಲ್ಲಿ ಪಕ್ಕದವರಿಗೆ ಹೇಳುತ್ತಾರೆ. ಅಷ್ಟರಲ್ಲಿ ಅವರ ಕೆಲಸ ಮುಗಿಯಿತು. ಇಟ್ಟಿಗಿಯ ಒಬ್ಬ ಹಿರಿಯ ಕುರಿಗಾರ ಅಂಗಡಿಗೆ ಕಾಯಂ ಗಿರಾಕಿ. ಕಂಬಳಿ ಹೆಗಲ ಮೇಲೆ ಹಾಕಿಕೊಂಡು ಸದ್ದಿಲ್ಲದೆ ಒಳಗೆ ಬಂದು, ಕೌಂಟರಿನ ಮೇಲೆ ಅರ್ಧ ದೇಹ ಚೆಲ್ಲಿ ಪರದೆ ನೋಡುವುದು ಅವನ ಕ್ರಮ. ಒಂದು ದಿನ ನಾನೂ ಇದ್ದೆ. ಅವನ ನೆರಳು ಬಿದ್ದದ್ದೇ ತಡ, ಅಕ್ಕನ ಬೆರಳು ಟಿಕಳಿಯ ಮೇಲೆ ಬಿತ್ತು.

"ಕರೆಂಟ್ ಹೋತೇನವ್ವ?"

"ಇಲ್ಲಪ್ಪ. ಹೂವು ಕಾಣತೈತಲ್ಲ."

"ಮತ್ತ ಈಗ ಯಾರ್ದೋ ಮದುವಿ ಇತ್ತಲ್ಲ ಅದರಾಗ?"

"ಮುಗೀತು."

ಹಿರಿಯ ನನ್ನ ಕಡೆ ನೋಡಿ, ಊಟ ತಪ್ಪಿದವನ ಹಾಗೆ ಮುಖ ಮಾಡಿದ.

ಬಚ್ಚಿಡುವವರಿಗೂ ಒಂದು ಕಷ್ಟವಿದೆ. ಎಲ್ಲಿಟ್ಟೆವು ಎಂದು ಅವರಿಗಾದರೂ ನೆನಪಿರಬೇಕು. ಒಮ್ಮೆ ಮಾಗಳದ ಮನೆಯೊಂದರ ಲಗ್ನಪತ್ರಿಕೆ ಮಾಡುವಾಗ ಯಾರೋ ಬಂದರೆಂದು ಅಕ್ಕ ಅವಸರದಲ್ಲಿ ಅದಕ್ಕೆ ಸೆರಗು ಹೊದಿಸಿದಳು. ಪೂರ್ತಿ ಹೊದಿಸಿದಳು. ಅಂದರೆ ವಿಂಡೋ ಇದೆ, ಆದರೆ ಗಾಜಿಗಿಂತ ತೆಳ್ಳಗೆ, ಕಣ್ಣಿಗೆ ಕಾಣುವುದಿಲ್ಲ. ಅದೇ ಅವಸರದಲ್ಲಿ ಅದಕ್ಕೆ ಮೊಳೆಯನ್ನೂ ಹೊಡೆದಿದ್ದಳು. ಈಗ ಯೋಚನೆ ಮಾಡಿ: ಕಾಣದ ಪತ್ರಿಕೆಯೊಂದು ಎಲ್ಲದರ ಮೇಲೆ ಭದ್ರವಾಗಿ ಕೂತಿದೆ. ಬಂದವನು ಇದೇ ಇಟ್ಟಿಗಿಯ ಹಿರಿಯ. ಕುರಿ ಮಾರಾಟದ ಪಾಂಪ್ಲೆಟ್ಟು ಬೇಕು ಎಂದ. ಅವನು ಹೇಳುತ್ತ ಹೋದ, ಅಕ್ಕ ಅವನ ಮುಖ ನೋಡುತ್ತ ಬೆರಳಾಡಿಸುತ್ತ ಹೋದಳು. ತಲೆ ಎತ್ತಿ ನೋಡಿದರೆ ಪಾಂಪ್ಲೆಟ್ಟಿನಲ್ಲಿ ಒಂದಕ್ಷರ ಇಲ್ಲ. ಕೀಬೋರ್ಡು ಕೆಟ್ಟಿದೆ ಎಂದುಕೊಂಡು ಅವನನ್ನು ನಾಳೆ ಬಾ ಎಂದು ಕಳಿಸಿದಳು. ಕೀಬೋರ್ಡು ಕೆಟ್ಟಿರಲಿಲ್ಲ. ಅಕ್ಷರಗಳೆಲ್ಲ ಎಲ್ಲಿಗೆ ಹೋಗಬಾರದೋ ಅಲ್ಲಿಗೆ ಹೋಗಿ ಕೂತಿದ್ದವು.

ಎರಡು ದಿನದ ಮೇಲೆ ಮಾಗಳದ ವರನ ತಂದೆ ಪ್ರೂಫ್ ಹಿಡಿದುಕೊಂಡು ಬಂದರು. ನಿಂತು, ಕನ್ನಡಕ ಸರಿಮಾಡಿಕೊಂಡು, ಶಾಂತವಾಗಿ ಓದಿದರು. "ನಮ್ಮ ಜ್ಯೇಷ್ಠ ಪುತ್ರ... ಎರಡು ಹಲ್ಲಿನ ಟಗರು, ಮೈ ತುಂಬಿದೆ, ನೋಡಿ ಒಪ್ಪಿಕೊಳ್ಳಬಹುದು." ಕುರಿಯ ವಯಸ್ಸನ್ನು ಹಲ್ಲು ಎಣಿಸಿ ಹೇಳುವುದು ಆ ಸೀಮೆಗೆಲ್ಲ ಗೊತ್ತು. ಅಕ್ಕನ ಮುಖ ಸುಣ್ಣವಾಯಿತು. ವರನ ತಂದೆ ಪ್ರೂಫ್ ಮಡಚಿ ಮೇಜಿನ ಮೇಲಿಟ್ಟರು.

"ಟಗರು ಅಂದಿದ್ದು ಇರ್ಲಿ ಬಿಡ್ರಿ ತಂಗಿ, ಹುಡುಗ ಹಂಗ ಅದಾನ. ಹಲ್ಲು ಮಾತ್ರ ಎರಡಲ್ಲ, ಮೂವತ್ತೆರಡು ಅದಾವ. ಅಷ್ಟು ತಿದ್ದಿಬಿಡ್ರಿ."

ಈ ಚಟ ಅಂಗಡಿಗೇ ನಿಂತಿದ್ದರೆ ಚಿಂತೆಯಿರಲಿಲ್ಲ. ಅಕ್ಕ ಮಾತನ್ನೂ ಹೀಗೇ ಮಡಚಿಡಲು ಕಲಿತಳು. ಮನೆಯಲ್ಲಿ ಏನೋ ಗಹನವಾಗಿ ಹೇಳುತ್ತಿರುತ್ತಾಳೆ: "ಆ ಕೂಡ್ಲಿಗಿ ಹುಡುಗಿ ಐತಲ್ಲ, ಅಕಿ ಗಂಡ..." ಅಷ್ಟರಲ್ಲಿ ಪಕ್ಕದ ಮನೆಯವರು ಒಳಗೆ ಬಂದರೆ ವಾಕ್ಯ ಅಲ್ಲಿಗೇ ಮಾಯ. "ಬರ್ರಿ ಬರ್ರಿ, ಈ ಸಲ ಶೇಂಗಾ ಹೆಂಗೈತಿ?" ಶೇಂಗಾ ಆಗುತ್ತದೆ, ಮೆಕ್ಕೆಜೋಳ ಆಗುತ್ತದೆ, ಚಹಾ ಆಗುತ್ತದೆ. ಮುಕ್ಕಾಲು ಗಂಟೆಯ ಮೇಲೆ ಅವರು ಚಪ್ಪಲಿ ಮೆಟ್ಟಿ ಬಾಗಿಲು ದಾಟುತ್ತಾರೆ. ಅಕ್ಕ ಉಸಿರೂ ತೆಗೆದುಕೊಳ್ಳದೆ, "...ಚಲೋ ಅದಾನಂತ," ಎಂದು ಮುಗಿಸುತ್ತಾಳೆ. ಅಷ್ಟು ಹೊತ್ತು ಆ ಗಂಡನಿಗೆ ಏನಾಗಿರಬಹುದೆಂದು ಬೆವರುತ್ತ ಕೂತ ನನ್ನ ಗತಿ ಯಾರಿಗೆ ಬೇಕು?

ಇಂಥವಳ ಎದುರು ನನ್ನ ಮೂರು ದಿನದ ದಂಡಯಾತ್ರೆ. ಸೋಮವಾರ ಸಂಜೆ, ಸುಮ್ಮನೆ ಬಂದವನ ಹಾಗೆ ಹೋಗಿ ಪಕ್ಕದ ಸ್ಟೂಲಿನಲ್ಲಿ ಕೂತೆ. ಅಂಗಡಿಯೊಳಗೆ ಕೂರುವವರ ಫೋನು ಅವಳ ಹಳೆಯ ಚಕ್ಕುಲಿ ಡಬ್ಬಿಯೊಳಗೆ ಹೋಗಬೇಕು, ಅದು ಕಾಯಿದೆ. ನನ್ನದೂ ಹೋಯಿತು. ಅಕ್ಕ ಅರ್ಧ ತಾಸು ಚೆಂಡು ಹೂವು ನೋಡಿದಳು, ನಾನು ಅಕ್ಕನನ್ನು ನೋಡಿದೆ. ಮಂಗಳವಾರ ಅವಳು ನೀರು ಕುಡಿಯಲು ಎದ್ದಾಗ ಎರಡು ಕೀ ಒತ್ತಿದೆ. ಪಡಸಾಲೆ ತೆರೆಯಿತು: "ಇಲ್ಲಿ ಗಾಡಿ ನಿಲ್ಲಿಸಬೇಡಿ" ಎಂಬ ಬೋರ್ಡು. ಇನ್ನೊಂದು ಒತ್ತಿದೆ. ಅರಿಶಿನದ ಅಂಚಿದ್ದ ಪತ್ರಿಕೆಯೊಂದು, ಅದರಲ್ಲಿ ನನ್ನ ಮಗಳ ಹೆಸರು, ಮಿಂಚಿದ ಹಾಗೆ ಕಂಡು ಸರಕ್ಕನೆ ಚಾಪೆಯಂತೆ ಸುತ್ತಿಕೊಂಡಿತು. ಹಿಂದೆ ಅಕ್ಕ ನಿಂತಿದ್ದಳು, ಒಂದು ಕೈಯಲ್ಲಿ ನೀರಿನ ತಂಬಿಗೆ, ಇನ್ನೊಂದು ಕೈ ಕೀಬೋರ್ಡಿನ ಮೇಲೆ.

"ಮಕ್ಕಳು ಕಾಪಿ ಹೊಡದ್ರ ಏನ್ ಮಾಡ್ತೀರಿ ಮೇಷ್ಟ್ರ?"

ನಾನು ಎದ್ದು ಹೋದೆ. ಹೋಗುವಾಗ ಫೋನು ಡಬ್ಬಿಯಲ್ಲೇ ಮರೆತೆ. ಹಾಗಾಗಿ ಮತ್ತೆ ಒಳಗೆ ಬಂದು ಇನ್ನೊಮ್ಮೆ ಎದ್ದು ಹೋಗಬೇಕಾಯಿತು.

ಬುಧವಾರ ಮಧ್ಯಾಹ್ನ ಶಾಲೆಗೆ ಅರ್ಧ ದಿನದ ರಜೆ ಹಾಕಿದೆ. ಉಪಾಯ ಮುಗಿದಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳುವುದೊಂದೇ ಉಳಿದಿತ್ತು. ಸೋದರಮಾವ ಎಂಬ ಮಾತು ಕೇಳಿದರೆ ನನಗೆ ಯಾಕೆ ಇಷ್ಟು ಭಯ ಎಂದು ಹದಿನೆಂಟು ವರ್ಷ ಯಾರಿಗೂ ಹೇಳಿರಲಿಲ್ಲ. ಆಗ ಅಂಗಡಿ ಹೊಸದು. ಪರದೆ ಬಾಗಿಲಿಗೆ ಮುಖ ಮಾಡಿ, ಎಲ್ಲರ ಪರದೆಯ ಹಾಗೆ, ತೆರೆದೇ ಇರುತ್ತಿತ್ತು. ಒಂದು ಸಂಜೆ ಅದರ ಮೇಲೆ ಕೂಡ್ಲಿಗಿಯ ಹುಡುಗಿಯೊಬ್ಬಳ ಪತ್ರಿಕೆ ನೋಡಿದೆ. ವರ ನೀಲಗುಂದದವನು. ಮರುದಿನ ಕೂಡ್ಲಿಗಿ ಬಸ್ ನಿಲ್ದಾಣದಲ್ಲಿ ಆ ಹುಡುಗಿಯ ಸೋದರಮಾವ ಸಿಕ್ಕರು. ನಾನು ಸಂತೋಷ ತಡೆಯಲಾರದ ಮನುಷ್ಯ. "ಅಕ್ಕನ ಮಗಳ ಲಗ್ನ ನೀಲಗುಂದಕ್ಕೆ ಕೂಡಿತಲ್ರಿ, ಬಾಳ ಚಲೋ ಆತು," ಎಂದು ಕೈ ಹಿಡಿದು ಕುಲುಕಿದೆ. ಅವರಿಗೆ ಅದು ಇನ್ನೂ ಗೊತ್ತಿರಲಿಲ್ಲ. ಅವರ ಅಕ್ಕ ಪತ್ರಿಕೆ, ತಾಂಬೂಲ ಹಿಡಿದು ಅವರ ಮನೆಗೆ ಬರಲು ದಿನ ನೋಡಿಟ್ಟಿದ್ದರು. ಆಕೆ ಬಂದಾಗ ಅವರು ತಾಂಬೂಲ ಮುಟ್ಟಲಿಲ್ಲ. ಲಗ್ನಕ್ಕೂ ಬರಲಿಲ್ಲ. ಸೋದರಮಾವ ನಿಲ್ಲಬೇಕಾದ ಜಾಗದಲ್ಲಿ ಬೇರೆ ಯಾರೋ ನಿಂತರು.

ಲಗ್ನ ಮುಗಿದ ಮೇಲೆ ಹುಡುಗಿಯ ತಾಯಿ ಇದೇ ಅಂಗಡಿಗೆ ಬಂದು ಅತ್ತಿದ್ದಳು. "ನಿನ್ನ ಅಂಗಡಿಯಿಂದ ಹೊರಗ ಹೋತವ್ವ ಮಾತು." ಅಕ್ಕ, "ಹೌದವ್ವ, ಪರದಿ ತೆರದ ಇಟ್ಟಿದ್ದೆ. ತಪ್ಪು ನಂದು," ಎಂದಿದ್ದಳು. ನಾನು ಇದೇ ಸ್ಟೂಲಿನ ಮೇಲೆ ಕೂತಿದ್ದೆ. ಗೋಡೆಗೆ ನೇತುಹಾಕಿದ್ದ ಮಾದರಿ ಕಾರ್ಡುಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದೆ.

"ಅಕ್ಕಾ," ಎಂದೆ, "ಆ ಕೂಡ್ಲಿಗಿ ಹುಡುಗಿ ವಿಷಯ ಅವರ ಮಾವಗ ಹೇಳಿದಾವ..."

"ಗೊತ್ತೈತಿ."

"ಏನು ಗೊತ್ತೈತಿ?"

"ಆವತ್ತು ಗಾಳಿ ಮಳಿ ಜೋರಿತ್ತು. ಅಂಗಡಿಗೆ ನೀನೊಬ್ಬನ ಬಂದಿದ್ದಿ. ಇನ್ಯಾರು ಹೇಳ್ತಾರ?"

ಅವಳ ಕಣ್ಣು ಪರದೆಯ ಮೇಲೇ ಇತ್ತು.

"ಮತ್ತ ಆ ಹುಡುಗಿ ತಾಯಿ ಮುಂದ ಯಾಕ ಹೇಳಲಿಲ್ಲ?"

"ಹೇಳಿ ಏನ್ ಮಾಡ್ಲಿ? ಆಗಷ್ಟ ನಿನಗ ಕೂಡ್ಲಿಗಿಗೆ ವರ್ಗ ಆಗಿತ್ತು. ಆ ಊರಾಗ ನೀ ತಿರಗಾಡಬೇಕಿತ್ತು. ಸಂಜಿ ಆದ್ರ ನೀ ಇಲ್ಲೇ ಬಂದು ಕುಂದ್ರಾವ, ಇಡೀ ಊರಿಗೆ ಗೊತ್ತು. ಇನ್ನೊಂದು ಮಾತು ಹೊರಗ ಹೋಗಿದ್ರ ನಿನ್ನ ಹೆಸರ ಹೇಳ್ತಿದ್ರು. ನಿನಗ ಬರಬ್ಯಾಡ ಅನ್ನಾಕ ನನಗ ಮನಸ್ಸು ಬರಲಿಲ್ಲ." ಅವಳು ಮೌಸನ್ನು ಸುಮ್ಮನೆ ಅತ್ತಿತ್ತ ಸರಿಸಿದಳು. "ಕಾಣದಿದ್ರ ನೀ ಹೇಳಾಂಗಿಲ್ಲ. ಹೇಳದಿದ್ರ ನಿನ್ನ ಯಾರೂ ಬೈಯಾಂಗಿಲ್ಲ. ಅದಕ್ಕ ಕಲತೆ ಇದನ್ನೆಲ್ಲ."

ಊರಿನ ಕಣ್ಣಿಗೆ ಹೆದರಿ ಅಲ್ಲ. ಚಾಪೆ, ಅಡಕಲು, ಸೆರಗು, ಮೊಳೆ, ಎಲ್ಲವೂ ನನ್ನೊಬ್ಬನಿಗಾಗಿ. ನಾನು ಇಷ್ಟು ವರ್ಷ ನಗುತ್ತ ಬಂದದ್ದು ಇದನ್ನೇ.

"ಆ ಅಕ್ಕ ತಮ್ಮ ಇನ್ನೂ ಮಾತಾಡಲ್ಲೇನು?" ಎಂದು ಕೇಳಿದೆ. ಕೇಳಲು ಹದಿನೆಂಟು ವರ್ಷ ಬೇಕಾಯಿತು.

"ಅಕ್ಕನ ಮೊಮ್ಮಗನ ಹೆಸರಿಡಾಕ ಬಂದಿದ್ನಂತ. ಆ ಕಾರ್ಡೂ ನಾನ ಮಾಡೀನಿ." ಅವಳು ಎದ್ದಳು. ಚಕ್ಕುಲಿ ಡಬ್ಬಿ ತೆರೆದು ಫೋನನ್ನು ನನ್ನ ಕೈಗೆ ಕೊಟ್ಟಳು. ಆಮೇಲೆ ಎರಡು ಕೀ ಒತ್ತಿ ಜಗಲಿಯಲ್ಲಿದ್ದ ಮಗಳ ಪತ್ರಿಕೆಯನ್ನು ಪಡಸಾಲೆಗೆ ತಂದು, ಪರದೆ ತುಂಬ ಹರಡಿ, ಮೊಳೆ ಹೊಡೆದಳು. "ನೋಡು. ನಾ ಚಾ ತರ್ತೀನಿ."

ಬಾಗಿಲು ತೆರೆದೇ ಇತ್ತು. ಅವಳು ಹಿಂದಿರುಗಿ ನೋಡದೆ ರಸ್ತೆ ದಾಟಿದಳು.

ಫೋನನ್ನು ನಾನೇ ಡಬ್ಬಿಯೊಳಗೆ ಹಾಕಿ ಮುಚ್ಚಳ ಒತ್ತಿದೆ. ಆಮೇಲೆ ಓದಿದೆ. ಸೋದರಮಾವ ಎಂಬ ಸಾಲಿನ ಕೆಳಗೆ ಹರಪನಹಳ್ಳಿಯ ಭಾವನ ಹೆಸರು, ಅವನ ಹೆಂಡತಿಯ ಹೆಸರು, ಸ್ವಲ್ಪ ದಪ್ಪ ಅಕ್ಷರದಲ್ಲಿ. ಉಸಿರು ಬಿಟ್ಟೆ. ಪಕ್ಕದಲ್ಲೇ ನನ್ನ ಪ್ರಶ್ನೆಪತ್ರಿಕೆ ಬಿದ್ದಿತ್ತು. ತಿರುವಿ ನೋಡಿದೆ. ಭಾವನ ಹೆಸರು ಅದರಲ್ಲಿ ಇರಲಿಲ್ಲ. ನಾನು ಮರೆತದ್ದು ನಿಜ. ಅಕ್ಕ ತಾನಾಗಿ ಸೇರಿಸಿದ್ದಳು.

ಇನ್ನೊಮ್ಮೆ ಮೇಲಿನಿಂದ ಓದಿದೆ, ಚಿಂತೆಗಾರನ ಅಭ್ಯಾಸ. ಅಜ್ಜ, ಅಜ್ಜಿ, ದೊಡ್ಡಪ್ಪ, ಚಿಕ್ಕಪ್ಪ, ನಾನು ಎರಡು ಸಲ ಬರೆದಿದ್ದ ಒಬ್ಬ ದಾಯಾದಿ ಈಗ ಒಂದೇ ಸಲ. ಎಲ್ಲರೂ ಇದ್ದರು. ಅಕ್ಕ ಇರಲಿಲ್ಲ. ಪ್ರಶ್ನೆಪತ್ರಿಕೆ ನೋಡಿದೆ. ಅಲ್ಲೂ ಇರಲಿಲ್ಲ. ಹದಿನೆಂಟು ವರ್ಷದಲ್ಲಿ ನಮ್ಮ ಮನೆತನದ ಎಲ್ಲ ಪತ್ರಿಕೆಗಳನ್ನೂ ಅವಳೇ ಮಾಡಿದ್ದಾಳೆ. ಒಂದರಲ್ಲಾದರೂ ಅವಳ ಹೆಸರು ನೋಡಿದ ನೆನಪಿಲ್ಲ. ಗಂಡ ಹೋದವಳ ಹೆಸರು ಹಾಕಬೇಡ ಎಂದು ಯಾರೂ ಅಂದಿರಲಿಲ್ಲ. ಹಾಕು ಎಂದೂ ಯಾರೂ ಅಂದಿರಲಿಲ್ಲ. ನಾವು ಬಿಟ್ಟ ಹೆಸರುಗಳನ್ನೆಲ್ಲ ನೆನಪಿಟ್ಟು ತುಂಬಿದವಳು ತನ್ನದೊಂದನ್ನು ಬಿಟ್ಟುಕೊಂಡೇ ಬಂದಿದ್ದಳು.

ಪ್ರಶ್ನೆಪತ್ರಿಕೆ ಮಾಡಿ ಮಾಡಿ ಎರಡು ಬೆರಳಿನ ಟೈಪಿಂಗು ನನಗೂ ಬರುತ್ತದೆ. ಸೋದರಮಾವನ ಸಾಲಿನ ಪಕ್ಕಕ್ಕೆ ಹೋಗಿ "ಸೋದರತ್ತೆ" ಎಂದು ಬರೆದೆ. ಅದರ ಕೆಳಗೆ ಅಕ್ಕನ ಪೂರ್ತಿ ಹೆಸರು. ಭಾವನದಷ್ಟೇ ದಪ್ಪ ಅಕ್ಷರ. ಸೇವ್ ಮಾಡಿದೆ. ಆಯಿತೋ ಇಲ್ಲವೋ ಎಂದು ಮತ್ತೆ ಮಾಡಿದೆ. ಯಾವುದಕ್ಕೂ ಇರಲಿ ಎಂದು ಇನ್ನೊಮ್ಮೆ.

ಅಷ್ಟರಲ್ಲಿ ಅವಳು ರಸ್ತೆ ದಾಟಿ ಬರುವುದು ಕಂಡಿತು, ಎರಡೂ ಕೈಯಲ್ಲಿ ಚಹಾದ ಗ್ಲಾಸು. ಟಿಕಳಿ ಹುಡುಕಿದೆ. ಟಿಕಳಿ ಯಾವಾಗಲೋ ಉದುರಿತ್ತು, ಇನ್ನೊಂದು ಅಂಟಿಸಿರಲಿಲ್ಲ. ಕೈಗೆ ಸಿಕ್ಕ ಕೀಗಳನ್ನೆಲ್ಲ ಒತ್ತಿದೆ. ಪತ್ರಿಕೆ ಜಗ್ಗಲಿಲ್ಲ, ಅವಳು ಹೊಡೆದ ಮೊಳೆ ಅದು. ಕೊನೆಗೆ ಹೆಗಲ ಮೇಲಿನ ಟವೆಲು ತೆಗೆದು ಪರದೆಯ ಮೇಲೆ ಹಾಕಿದೆ.

ಅಕ್ಕ ಬಾಗಿಲಲ್ಲೇ ನಿಂತಳು.

"ಇದ್ಯಾವ ಸಾಫ್ಟ್‌ವೇರೋ ತಮ್ಮಾ?"

"ಇನ್ನೂ ಜಗಲಿಗೆ ಹೋಗಿಲ್ಲ," ಎಂದೆ. "ಯಾರಿಗೂ ತೋರಿಸಂಗಿಲ್ಲ."

ಅವಳು ಗ್ಲಾಸುಗಳನ್ನು ಮೇಜಿನ ಮೇಲಿಟ್ಟಳು. ಊರಿನವರು ಬಗ್ಗಿ ನೋಡದಂತೆ ಹದಿನೆಂಟು ವರ್ಷ ಕಾದವಳು, ಇಟ್ಟಿಗಿಯ ಹಿರಿಯನ ಹಾಗೆ ಕೌಂಟರಿನ ಮೇಲೆ ಬಗ್ಗಿ, ಟವೆಲಿನ ಅಂಚನ್ನು ಎರಡು ಬೆರಳಿನಲ್ಲಿ ಎತ್ತಿ ಒಳಗೆ ಇಣುಕಿದಳು. ಚಹಾದ ಮೇಲೆ ಕೆನೆ ಕಟ್ಟುವತನಕ ಹಾಗೇ ಇದ್ದಳು. ಆಮೇಲೆ ಟವೆಲು ಇಳಿಸಿ, ನಾಲ್ಕೂ ಮೂಲೆ ಜಗ್ಗಿ ಸರಿಮಾಡಿದಳು.

"ಸೇವ್ ಮಾಡೀಯೇನು?" ಎಂದು ಕೇಳಿದಳು, ನನ್ನ ಕಡೆ ತಿರುಗದೆ.

"ಮೂರು ಸಲ," ಎಂದೆ.